ಹೆಡ್‌ಫೋನಿಗೆ ರೇಷ್ಮೆ ಕುಲಾವಿ

ಆಳವಾಗಿ ಅಧ್ಯಯನ ಮಾಡದೆ ನಾನು ಯಾವ ವಸ್ತುವನ್ನೂ ಕೊಳ್ಳುವವನಲ್ಲ. ಮದುವೆಯಾದ ಹೊಸತರಲ್ಲಿ ಮಿಕ್ಸಿ ಆರಿಸಲು ನಾಲ್ಕು ತಿಂಗಳು ತೆಗೆದುಕೊಂಡಿದ್ದೆ. ಅಷ್ಟರಲ್ಲಿ ಹೆಂಡತಿ ವಸುಧಾ ಆ ವರ್ಷದ ಹಬ್ಬಗಳನ್ನೆಲ್ಲ ರುಬ್ಬುವ ಕಲ್ಲಿನಲ್ಲೇ ಮುಗಿಸಿದ್ದಳು. ಆದ್ದರಿಂದ ಅತ್ತೆಯವರಿಗೆ ಟಿವಿ ಕೇಳಲು ವೈರ್‌ಲೆಸ್ ಹೆಡ್‌ಫೋನ್ ಬೇಕು ಎಂಬ ಮಾತು ಮನೆಯಲ್ಲಿ ಬಂದಾಗ, "ಆ ಜವಾಬ್ದಾರಿ ನನಗೆ ಬಿಡಿ" ಎಂದೆ. ಯಾರೂ ನನ್ನನ್ನು ಕೇಳಿರಲಿಲ್ಲ!

ಅತ್ತೆ ಪದ್ಮಾವತಮ್ಮನವರಿಗೆ ಎಂಬತ್ತೆರಡು. ಬಸವನಗುಡಿಯ ನಮ್ಮ ಮನೆಯಲ್ಲೇ ಇದ್ದಾರೆ. ಹಳೇ ಕಾಲದವರು, ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ನಾನು ಎದುರಿಗೇ ಕೂತಿದ್ದರೂ, "ವಸೂ, ನಿಮ್ಮನೆಯವರಿಗೆ ಕಾಫಿ ಬೇಕೇನೋ ಕೇಳು" ಎನ್ನುತ್ತಾರೆ. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಬಗ್ಗೆ ಅವರ ಅಭಿಪ್ರಾಯವೇನು ಎಂಬುದು ನನಗೆ ತಿಳಿದಿರಲಿಲ್ಲ. ಒಳ್ಳೆಯದೇ ಇರಬೇಕು ಎಂದುಕೊಂಡಿದ್ದೆ.

ನಮ್ಮ ಮಗಳು ಅಪೂರ್ವಾಗೆ ಸರಿಗಮ ಕಲಿಸಿದವರು ಈ ಅಜ್ಜಿಯೇ. ಅವಳೀಗ ಮೈಸೂರಿನಲ್ಲಿ ಸಂಗೀತ ಎಂ.ಎ. ಓದುತ್ತಿದ್ದಾಳೆ. ಅವಳ ಹಾಡುಗಾರಿಕೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಟಿವಿಯಲ್ಲಿ ಬರುವುದಿತ್ತು. ಅಜ್ಜಿಗೋ ಎರಡು ವರ್ಷದಿಂದ ಕಿವಿ ಮಂದ. ಕಿವಿಗೆ ಮಿಷನ್ ಹಾಕಿಸಿದರೆ ಕುಕ್ಕರ್ ಕೂಗುವುದು, ಪಾತ್ರೆ ಬೀಳುವುದೇ ಕೇಳುತ್ತದೆ ಎಂದು ಅದನ್ನು ಡಬ್ಬಿಗೆ ಹಾಕಿಟ್ಟಿದ್ದರು. ಟಿವಿ ಎಷ್ಟು ಜೋರು ಮಾಡಿದರೂ, "ಸದ್ದು ಕೇಳುತ್ತೆ, ಸಾಹಿತ್ಯ ಕೇಳಲ್ಲ" ಎನ್ನುತ್ತಿದ್ದರು. ಮೊನ್ನೆ ಮೆಲ್ಲಗೆ, "ಮಗು ಹಾಡೋದನ್ನ ಬಾಯಿ ನೋಡ್ಕೊಂಡು ಕೂರ್ಬೇಕಲ್ಲೇ ವಸೂ" ಎಂದರು.

ಸೋಮವಾರವೇ ಗಾಂಧಿ ಬಜಾರಿನ ಅಂಗಡಿಗೆ ಹೋಗಿ, ಮೂರು ಗಂಟೆ ಅಧ್ಯಯನ ಮಾಡಿ, ಹಗುರವಾಗಿದ್ದ ಒಂದು ಹೆಡ್‌ಫೋನ್ ಆರಿಸಿ ತಂದೆ. ಪುಟ್ಟ ಮೆತ್ತೆ, ಕಿವಿಯ ಮೇಲೆ ಕೂರುವಂಥದು. ಅತ್ತೆ ಹಾಕಿಕೊಂಡವರೇ "ಹಾ!" ಎಂದು ಕಿತ್ತರು. ಅವರ ಕಿವಿಯಲ್ಲಿ ವಜ್ರದ ಓಲೆಯಿತ್ತು. ಮೆತ್ತೆ ಓಲೆಯನ್ನು ಒತ್ತಿತು, ಓಲೆ ಕಿವಿಯನ್ನು ಚುಚ್ಚಿತು.

"ಓಲೆ ಒಂದು ಗಂಟೆ ತೆಗೆದಿಡಬಹುದಲ್ಲ?" ಎಂದೆ.

"ನಿಮ್ಮನೆಯವರಿಗೆ ಹೇಳು ವಸೂ, ಇದು ನಮ್ಮಮ್ಮ ಹಾಕಿದ ಓಲೆ. ಇದುವರೆಗೂ ತೆಗೆದಿಲ್ಲ."

ಆಳವಾದ ಅಧ್ಯಯನದಲ್ಲಿ ಅತ್ತೆಯ ಕಿವಿಯನ್ನು ನೋಡುವುದೊಂದು ಬಿಟ್ಟುಹೋಗಿತ್ತು. ಮಾರನೆಯ ದಿನ ಬದಲಾಯಿಸಲು ಹೋದೆ.

"ಇಡೀ ಕಿವಿ ಒಳಗೆ ಹಿಡಿಸೋ ಅಂಥದು ಕೊಡ್ರೀ, ಓಲೆ ಸಮೇತ! ಇರೋದ್ರಲ್ಲೇ ಒಳ್ಳೇದು!"

ಅಂಗಡಿಯವನು ತಟ್ಟೆಯಂಥ ಎರಡು ಬಟ್ಟಲಿನ ಹೆಡ್‌ಫೋನ್ ತೆಗೆದ. ಜೊತೆಗೊಂದು ಸ್ಟ್ಯಾಂಡು. ಸ್ಟ್ಯಾಂಡಿನ ಪಿನ್ನನ್ನು ಟಿವಿಯ ಹಿಂದೆ ಚುಚ್ಚಿದರೆ ಸಾಕು, ಹಾಡು ಗಾಳಿಯಲ್ಲೇ ಕಿವಿಗೆ ಬರುತ್ತದಂತೆ. ಮನೆಗೆ ಬಂದು ಅತ್ತೆಯ ಕಿವಿಯ ಹತ್ತಿರ ಘೋಷಿಸಿದೆ: "ಅಪ್ಪಟ ಚರ್ಮದ ಮೆತ್ತೆ! ಪ್ಲಾಸ್ಟಿಕ್ ಅಲ್ಲ!"

ಮುಂದೆ ಚಾಚಿದ್ದ ಅತ್ತೆಯ ಕೈ ಹಿಂದಕ್ಕೆ ಹೋಯಿತು. ಬೆಳಗಿನ ಸ್ನಾನದಿಂದ ಮಧ್ಯಾಹ್ನದ ಊಟದವರೆಗೆ ಅವರು ಮಡಿ. ಮಡಿಯಲ್ಲಿ ಚರ್ಮ ಮುಟ್ಟುವಂತಿಲ್ಲ. ಕಾರ್ಯಕ್ರಮವೋ, ಬೆಳಿಗ್ಗೆ ಹತ್ತಕ್ಕೆ!

"ನಿಮ್ಮನೆಯವರಿಗೆ ಹೇಳು ವಸೂ, ತೊಗಲನ್ನ ಕಾಲಿಗೆ ಹಾಕ್ಕೋತಾರೆ, ತಲೆಗಲ್ಲ ಅಂತ."

"ಏನ್ರೀ ನೀವು! ಗಣೇಶನ್ನ ಮಾಡೋಕ್ ಹೋಗಿ ಅವರಪ್ಪನ್ನ ಮಾಡ್ಕೊಂಡ್ ಬಂದ್ರಲ್ಲ!" ಎಂದಳು ವಸುಧಾ. "ನೀವು ಬಾಯಿ ಮುಚ್ಕೊಂಡಿದ್ದಿದ್ರೆ ಅದು ರೆಕ್ಸಿನ್ ಅಂತ ನಡ್ದುಹೋಗ್ತಿತ್ತು!"

ಕೊನೆಗೆ ಅವಳೇ ಬೀರುವಿನಿಂದ ಕೆಂಪು ರೇಷ್ಮೆಯ ರವಿಕೆ ಕಣವೊಂದನ್ನು ತೆಗೆದು, ಹೆಡ್‌ಫೋನಿನ ಎರಡು ಕಿವಿಗೂ ತಲೆಯ ಪಟ್ಟಿಗೂ ಕುಲಾವಿ ಹೊಲಿದಳು. ರೇಷ್ಮೆ ಮಡಿಗೆ ಬರುತ್ತದೆ. ಅತ್ತೆ ತಿರುಗಿಸಿ ಮುರುಗಿಸಿ ನೋಡಿ ಒಪ್ಪಿದರು.

ಶನಿವಾರ ಸಂಜೆ ನಾನೇ ಪರೀಕ್ಷೆ ಮಾಡಿದೆ. ಪಿನ್ ಚುಚ್ಚಿ, ಹೆಡ್‌ಫೋನ್ ಹಾಕಿಕೊಂಡು ವಾರ್ತೆ ಹಚ್ಚಿದೆ. ಆಹಾ! ವಾರ್ತೆ ಓದುವವಳು ಉಸಿರೆಳೆದುಕೊಂಡದ್ದೂ ಕೇಳಿತು. ವಸುಧಾ ಅಡುಗೆಮನೆಯಿಂದ ಬಂದು ಕೈ ಆಡಿಸುತ್ತ ಏನೋ ಹೇಳಿದಳು. ನನಗೆ ಕೇಳಲಿಲ್ಲ. ಮೆಚ್ಚುಗೆಯೇ ಇರಬೇಕೆಂದು ಹೆಬ್ಬೆರಳು ಎತ್ತಿ ತೋರಿಸಿದೆ. ಅವಳು ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಆ ಉತ್ಸಾಹದಲ್ಲೇ ಸಿಕ್ಕಸಿಕ್ಕವರಿಗೆಲ್ಲ ಆಹ್ವಾನ ಕೊಟ್ಟೆ. ಭಾನುವಾರ ಒಂಬತ್ತೂವರೆಗೆ ನಮ್ಮ ಹಾಲಿನಲ್ಲಿ ಹದಿನೇಳು ಜನ! ಎದುರುಮನೆಯ ಸೀತಾರಾಮಯ್ಯನವರು ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಸಿಕೊಂಡರು. ಎಲ್ಲರಿಗೂ ಉಪ್ಪಿಟ್ಟು, ಕೇಸರಿಬಾತು. ಅತ್ತೆ ಮಡಿಸೀರೆಯಲ್ಲಿ ಸ್ವಲ್ಪ ದೂರ ಮಣೆ ಹಾಕಿಕೊಂಡು, ಕೆಂಪು ಕುಲಾವಿಯ ಹೆಡ್‌ಫೋನ್ ಧರಿಸಿ ಕುಳಿತರು. ಕಿರೀಟ ತೊಡಿಸಿದ ಉತ್ಸವಮೂರ್ತಿಯ ಹಾಗೆ ಕಾಣುತ್ತಿದ್ದರು.

ಹತ್ತು ಗಂಟೆ. ಪರದೆಯ ಮೇಲೆ ಅಪೂರ್ವಾ ಬಂದಳು. ಕೈಮುಗಿದಳು. ಬಾಯಿ ತೆರೆದಳು.

ಟಿವಿಯಿಂದ ಸದ್ದೇ ಬರಲಿಲ್ಲ.

"ಸೌಂಡ್ ಕೊಡಿ ಸ್ವಾಮಿ," ಎಂದರು ಸೀತಾರಾಮಯ್ಯ. ನಾನು ರಿಮೋಟ್ ಒತ್ತಿದೆ. ಇಪ್ಪತ್ತು, ಮೂವತ್ತು, ನಲವತ್ತು. ಟಿವಿ ಉಸಿರೆತ್ತಲಿಲ್ಲ. ಅತ್ತೆ ಮಾತ್ರ ಕೂತಲ್ಲೇ ಹಾರಿಬಿದ್ದು, "ಅಯ್ಯೋ, ಕಿವಿ ಹರಿದುಹೋಗುತ್ತಲ್ಲೇ ವಸೂ!" ಎಂದು ಕೂಗಿದರು. ಗಾಬರಿಯಿಂದ ಕಡಿಮೆ ಮಾಡಿದೆ.

"ನಿನ್ನೇನೇ ಹೇಳಿದ್ನಲ್ರೀ!" ಎಂದಳು ವಸುಧಾ. "ಆ ಪಿನ್ ಚುಚ್ಚಿದ್ರೆ ಟಿವೀಲಿ ಸೌಂಡೇ ಬರಲ್ಲ ಅಂತ! ನೀವು ಹೆಬ್ಬೆಟ್ಟು ತೋರಿಸಿದ್ರಿ!"

"ಅಷ್ಟೇ ತಾನೆ? ಪಿನ್ ಕಿತ್ತುಹಾಕಿ, ನಮಗೆ ಬರುತ್ತೆ," ಎಂದರು ಸೀತಾರಾಮಯ್ಯ.

ನಾನು ಟಿವಿಯ ಹಿಂದಕ್ಕೆ ಹೋಗಿ ಪಿನ್ ಹಿಡಿದೆ. ಅಲ್ಲಿಂದ ಅತ್ತೆಯ ಮುಖ ನೇರಕ್ಕೆ ಕಾಣುತ್ತಿತ್ತು. ಕಣ್ಣು ಮುಚ್ಚಿದ್ದರು. ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಬೆರಳು ಒಂದೊಂದಾಗಿ ಎಣಿಸುತ್ತಿತ್ತು. ಕೆನ್ನೆಯ ಮೇಲೆ ನೀರು ಇಳಿದಿತ್ತು. ಅವರು ಬಾಯಿ ನೋಡುತ್ತಿರಲಿಲ್ಲ. ಕೇಳುತ್ತಿದ್ದರು.

ನನ್ನ ಕೈ ಬರಲಿಲ್ಲ. ಪಿನ್ ಬಿಟ್ಟು ಈಚೆ ಬಂದು, "ಕ್ಷಮಿಸಿ, ಇನ್ನೊಂದು ಸುತ್ತು ಕೇಸರಿಬಾತ್ ತಗೊಳ್ಳಿ" ಎಂದೆ.

ಹದಿನೇಳು ಜನ ಇಪ್ಪತ್ತೈದು ನಿಮಿಷ ಮೂಕ ಕಛೇರಿ ನೋಡಿದರು. ಪೂರ್ತಿ ಮೂಕ ಎನ್ನುವಂತೆಯೂ ಇಲ್ಲ. ಹೆಡ್‌ಫೋನ್ ಹಾಕಿಕೊಂಡವರಿಗೆ ತಮ್ಮ ಧ್ವನಿ ಎಷ್ಟು ಜೋರೆಂದು ತಿಳಿಯುವುದಿಲ್ಲ. ಅತ್ತೆ ಮೊದಲು ಗುನುಗಿದರು, ಆಮೇಲೆ ಮೊಮ್ಮಗಳ ಜೊತೆ ಗಟ್ಟಿಯಾಗಿಯೇ ಹಾಡಿದರು. ನಡುನಡುವೆ "ಭೇಷ್!" ಎಂದರು. ಒಮ್ಮೆ, "ಅಲ್ಲಿ ಅವಸರ ಮಾಡಿದ್ಳು, ಕತ್ತೆ!" ಎಂದರು. ಎಲ್ಲರೂ ಟಿವಿ ಬಿಟ್ಟು ಅವರ ಕಡೆಗೇ ಕುರ್ಚಿ ತಿರುಗಿಸಿಕೊಂಡರು.

ಮಂಗಳ ಮುಗಿಯಿತು. ಅತ್ತೆ ಕಣ್ಣು ಒರೆಸಿಕೊಂಡು, ಹೆಡ್‌ಫೋನ್ ತೆಗೆಯದೆಯೇ, ಮಗಳನ್ನು ಹತ್ತಿರ ಕರೆದು ಪಿಸುಗುಟ್ಟಿದರು. ಪಿಸುಗುಟ್ಟಿದೆನೆಂದು ಅವರು ತಿಳಿದಿದ್ದರು. ಎದುರುಮನೆಯವರೆಗೂ ಕೇಳಿರಬೇಕು.

"ವಸೂ, ನಿನ್ನ ಗಂಡನಿಗೆ ಒಂದು ಕೆಲಸಾನೂ ನೆಟ್ಟಗೆ ಮಾಡೋಕ್ ಬರಲ್ಲ ಕಣೇ, ಮೊದಲಿಂದಲೂ ನೋಡ್ತಿದೀನಿ. ಆದ್ರೆ ಮನಸ್ಸು ಚಿನ್ನ. ಯಾರಿಗೂ ಹೇಳ್ಬೇಡ."

ಸೀತಾರಾಮಯ್ಯನವರು ಮೊದಲ ವಾಕ್ಯಕ್ಕೆ ಮಾತ್ರ ತಲೆಯಾಡಿಸಿದರು.

ಎಲ್ಲರೂ ಹೋದ ಮೇಲೆ ವಸುಧಾ ನಗು ತಡೆದುಕೊಂಡು, "ಅಮ್ಮ ಹೇಳಿದ್ದು ಕೇಳಿಸ್ತೇನ್ರೀ?" ಎಂದಳು.

"ಇಲ್ಲಪ್ಪ," ಎಂದೆ, ಗಂಭೀರವಾಗಿ. "ನನಗೂ ಈಚೆಗೆ ಕಿವಿ ಸ್ವಲ್ಪ ಮಂದ."

"ಹಾಗಾದ್ರೆ ನಿಮಗೂ ಒಂದು ತರ್ಬೇಕು," ಎಂದಳು. "ನೀವು ಮನೇಲೇ ಇರಿ. ಅಂಗಡಿಗೆ ನಾನು ಹೋಗ್ತೀನಿ."