ಲೈಸನ್ಸು ಬಿಡಿಸಲು ಹೋದ ಡೊಂಬಯ್ಯ

ಡೊಂಬಯ್ಯನ ಮನೆಯೊಳಗೆ ಇಂಗ್ಲಿಷ್ ತಿಂಗಳುಗಳಿಗೆ ಪ್ರವೇಶವಿರಲಿಲ್ಲ. ಜನವರಿ, ಫೆಬ್ರವರಿಗಳೆಲ್ಲ ಶಾಲೆಯವರ ಮತ್ತು ಸರ್ಕಾರದವರ ಸ್ವಂತ ವ್ಯವಹಾರವೆಂದು ಅವನ ತಾಯಿ ತಿಮ್ಮಕ್ಕನ ನಂಬಿಕೆ. ಬಿತ್ತುವುದು, ದೈವಕ್ಕೆ ಬಡಿಸುವುದು, ಕೊನೆಗೆ ಕೋಳಿಯನ್ನು ಕಾವಿಗೆ ಕೂರಿಸುವುದೂ ಆ ಮನೆಯಲ್ಲಿ ಸಂಕ್ರಮಣದಿಂದ ಎಣಿಸಿದ ತುಳು ತಿಂಗಳ ಪ್ರಕಾರವೇ. ತಿಮ್ಮಕ್ಕ ಅಡುಗೆಮನೆಯ ಗೋಡೆಗೆ ದಿನಕ್ಕೊಂದು ಮಸಿಗೆರೆ ಎಳೆಯುವಳು. ಸಂಕ್ರಮಣ ಬಂತೆಂದರೆ ಒರಸಿ ಮತ್ತೆ ಒಂದರಿಂದ ಶುರು.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಒಂದು ದಿನ ಸವಣೂರಿನ ತಿರುವಿನಲ್ಲಿ ಪೊಲೀಸರು ಡೊಂಬಯ್ಯ ಬಾಡಿಗೆಗೆ ಜನ ಸಾಗಿಸುತ್ತಿದ್ದ ಸರ್ವಿಸ್ ಜೀಪನ್ನು ನಿಲ್ಲಿಸಿದರು. ಒಳಗಿದ್ದ ಹದಿನೇಳು ಜನರನ್ನೂ ಬಾನೆಟ್ಟಿನ ಮೇಲೆ ಕೂತಿದ್ದ ಇಬ್ಬರನ್ನೂ ಎರಡೆರಡು ಸಲ ಎಣಿಸಿ, ಲೈಸನ್ಸು ಕಿತ್ತುಕೊಂಡು, ಒಂದು ಚೀಟಿ ಬರೆದುಕೊಟ್ಟರು. "ಬರುವ ಹನ್ನೆರಡಕ್ಕೆ ಪುತ್ತೂರು ಕೋರ್ಟಿಗೆ ಬಾ. ಅಲ್ಲಿವರೆಗೆ ಈ ಚೀಟಿಯೇ ಲೈಸನ್ಸು," ಎಂದರು. ಚೀಟಿ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಡೊಂಬಯ್ಯನಿಗೆ ಓದಲು ಬಂದದ್ದು ಹನ್ನೆರಡು ಎಂಬ ಅಂಕೆ ಒಂದೇ.

ತಿಮ್ಮಕ್ಕ ಗೋಡೆಯ ಗೆರೆಗಳನ್ನು ಎಣಿಸಿದಳು. "ಇವತ್ತು ಸೋಣ ತಿಂಗಳು ಹದಿನೈದು. ಈ ಹನ್ನೆರಡು ಕಳೆದೇ ಹೋಯ್ತು ಮಗಾ. ಇನ್ನು ಬರುದು ನಿರ್ನಾಲದ ಹನ್ನೆರಡು. ಬೇಕಾದಷ್ಟು ದಿನ ಉಂಟು," ಎಂದಳು.

ನಿರ್ನಾಲದ ಹನ್ನೆರಡು ಬಂತು. ಡೊಂಬಯ್ಯ ಬಿಳಿ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ ಕಾಣಿಯೂರು ಪೇಟೆಗೆ ಬಂದ. ಜೀಪಿನ ಧಣಿ ತ್ಯಾಂಪಣ್ಣ ಅಲ್ಲೇ ಕಾಯುತ್ತಿದ್ದರು. "ನೋಡು ಡೊಂಬಯ್ಯ, ಸಂಜೆಗೆ ಲೈಸನ್ಸು ನಿನ್ನ ಕೈಯಲ್ಲಿ ಇರ್ಬೇಕು. ಇಲ್ಲದಿದ್ರೆ ನಾಳೆಯಿಂದ ಆಲಂಕಾರಿನ ಚನಿಯಪ್ಪ ಬಿಡ್ತಾನೆ ಜೀಪು. ನನ್ನ ಮೇಲೆ ಬೇಸರ ಮಾಡ್ಬೇಡ," ಎಂದರು.

ಹನ್ನೆರಡು ವರ್ಷಗಳಿಂದ ಡೊಂಬಯ್ಯ ಬಿಡುತ್ತಿದ್ದ ಜೀಪು ಅದು. ಚಳಿಗೆ ಅದು ಎಲ್ಲಿ ಕೆಮ್ಮುತ್ತದೆ, ಏರಿನಲ್ಲಿ ಯಾವ ಗೇರಿಗೆ ಮುನಿಯುತ್ತದೆ ಎಂದೆಲ್ಲ ಅವನಿಗೆ ಹೆಂಡತಿಯ ಸ್ವಭಾವಕ್ಕಿಂತ ಚೆನ್ನಾಗಿ ಗೊತ್ತಿತ್ತು. ಅದರ ಸ್ಟೇರಿಂಗನ್ನು ಇನ್ನೊಬ್ಬ ಹಿಡಿಯುವುದನ್ನು ನೆನೆದರೇ ಅವನಿಗೆ ಅಳು ಬರುತ್ತಿತ್ತು.

ಪುತ್ತೂರಿನ ಬಸ್ಸು ಹತ್ತಿದವನು ಕಂಡಕ್ಟರ್ ರವೂಫನಿಗೆ ಹೆಮ್ಮೆಯಿಂದ ಚೀಟಿ ತೋರಿಸಿದ. "ಇವತ್ತು ನನ್ನ ಕೋರ್ಟು."

ರವೂಫ್ ಚೀಟಿ ನೋಡಿದ, ಡೊಂಬಯ್ಯನ ಎಣ್ಣೆ ತಲೆ ನೋಡಿದ, ಮತ್ತೆ ಚೀಟಿ ನೋಡಿದ. "ಇದು ಸೆಪ್ಟೆಂಬರ್ ಹನ್ನೆರಡು ಮಾರಾಯ. ಇವತ್ತು ಇಪ್ಪತ್ತೆಂಟು. ನಿನ್ನ ಕೋರ್ಟು ಆಗಿ ಹದಿನಾರು ದಿನ ಆಯ್ತು!"

ಇಡೀ ಬಸ್ಸು ತಿರುಗಿ ನೋಡಿತು. ಹಿಂದಿನ ಸೀಟಿನಿಂದ ದೇವದಾಸ ಎದ್ದು ಬಂದ. ದೇವದಾಸ ಕಾಣಿಯೂರಿನ ದರ್ಜಿ. ಗದ್ದೆಗೆ ಹರಿಯುವ ಒಂದು ತೋಡಿನ ನೀರಿನ ತಕರಾರಿಗಾಗಿ ಹನ್ನೊಂದು ವರ್ಷಗಳಿಂದ ಕೋರ್ಟಿಗೆ ತಿರುಗುತ್ತಿದ್ದವನು. ಕೇಸು ಗೆದ್ದಿರಲಿಲ್ಲ, ಆದರೆ ಕಾನೂನು ತನಗೆ ಕರತಲಾಮಲಕ ಎಂಬ ಧೈರ್ಯ ಬಂದಿತ್ತು.

"ವಾರಂಟು ಹೊರಟಿರ್ತದೆ ನಿನ್ನ ಮೇಲೆ," ಎಂದ ದೇವದಾಸ, ಶುಭ ಸಮಾಚಾರ ಹೇಳುವವನಂತೆ.

"ಅಮ್ಮನ ಲೆಕ್ಕ ತಪ್ಪಿತು ಅಂತ ಹೇಳ್ತೇನೆ. ಇದ್ದದ್ದು ಇದ್ದ ಹಾಗೆ," ಎಂದ ಡೊಂಬಯ್ಯ.

ದೇವದಾಸ ಪಕ್ಕದಲ್ಲಿ ಕೂತು ಅವನ ಕಿವಿಯಲ್ಲಿ ಹೇಳಿದ. "ಇದ್ದದ್ದು ಇದ್ದ ಹಾಗೆ ಹೇಳ್ಲಿಕ್ಕೆ ಕೋರ್ಟು ಯಾಕೆ ಬೇಕು? ನ್ಯಾಯಾಧೀಶರು ಘಟ್ಟದ ಮೇಲಿನವರು, ಅವರಿಗೆ ಸೋಣ, ನಿರ್ನಾಲ ಎಲ್ಲ ಎಂತ ಗೊತ್ತುಂಟು? ತಾರೀಕು ತಪ್ಪಿದವನಿಗೆ ಒಂದೇ ದಾರಿ, ಡಾಕ್ಟ್ರ ಸರ್ಟಿಫಿಕೇಟು. ಹುಷಾರಿರಲಿಲ್ಲ ಅಂದ್ರೆ ಮುಗೀತು. ನನ್ನೊಟ್ಟಿಗೆ ಬಾ. ಅಚ್ಯುತ ಡಾಕ್ಟ್ರು ನನ್ನ ಗಿರಾಕಿ, ಅವರ ಪ್ಯಾಂಟಿನ ಸೊಂಟ ಪ್ರತಿವರ್ಷ ಬಿಡಿಸಿ ಕೊಡುದು ನಾನೇ."

ಪುತ್ತೂರಿನಲ್ಲಿ ಇಳಿದು ಕ್ಲಿನಿಕ್ಕಿನ ಮೆಟ್ಟಿಲು ಹತ್ತುವಾಗ ದೇವದಾಸ ಎಚ್ಚರಿಸಿದ. "ಜೀಪಿನ ವಿಷಯ ಎತ್ತಬೇಡ. ಹೋದ ಮಳೆಗಾಲದಲ್ಲಿ ಒಬ್ಬ ಸರ್ವಿಸ್ ಜೀಪಿನವ ಇವರನ್ನು ಸ್ಕೂಟರ್ ಸಮೇತ ಚರಂಡಿಗೆ ಇಳಿಸಿದ್ದಾನೆ. ಅಂದಿನಿಂದ ಡ್ರೈವರು ಅಂದ್ರೆ ಉರಿದು ಬೀಳ್ತಾರೆ."

ಅಚ್ಯುತ ಡಾಕ್ಟರು ವಿಷಯ ಕೇಳಿ ಪೆನ್ನು ಬಿಚ್ಚಿದರು. "ಎಂತ ಕೇಸು?"

"ತೋಡಿನ ತಕರಾರು ಡಾಕ್ಟ್ರೆ," ಎಂದ ದೇವದಾಸ, ತನ್ನದನ್ನೇ ಧಾರಾಳವಾಗಿ ಎರವಲು ಕೊಟ್ಟು.

"ಎಷ್ಟು ದಿನದ ಕಾಯಿಲೆ ಬೇಕು?"

"ಹದಿನಾರು ದಿನದ್ದು."

ಡಾಕ್ಟರು ಡೊಂಬಯ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬರೇ ಜ್ವರ ಅಂದ್ರೆ ಮೂರು ದಿನಕ್ಕಿಂತ ಹೆಚ್ಚು ಎಳೀಲಿಕ್ಕೆ ಆಗುದಿಲ್ಲ. ಟೈಫಾಯ್ಡು ಅಂದ್ರೆ ಈ ಹೊಟ್ಟೆ ನೋಡಿ ಯಾರೂ ನಂಬುದಿಲ್ಲ. ಕಾಮಾಲೆಗೆ ಕಣ್ಣು ಹಳದಿ ಬೇಕು. ಕಲ್ಲುಗುಂಡಿನ ಹಾಗೆ ಇರುವವನಿಗೂ ಬರುವಂಥದ್ದು ಏನಾದ್ರೂ..." ಎಂದವರೇ ಒಮ್ಮೆಲೇ ಮುಖ ಅರಳಿಸಿ, ಸರಸರ ಬರೆದು, ಸೀಲು ಒತ್ತಿ ಕೊಟ್ಟರು.

"ಎಂತ ಕಾಯಿಲೆ ಡಾಕ್ಟ್ರೆ?" ಎಂದು ಕೇಳಿದ ಡೊಂಬಯ್ಯ.

"ಗೊತ್ತಾದ್ರೆ ನೀನು ಅಲ್ಲಿ ನಾಟಕ ಶುರು ಮಾಡ್ತಿ, ಸಿಕ್ಕಿ ಬೀಳ್ತಿ. ಗೊತ್ತಿಲ್ಲದೇ ಇರುದು ಒಳ್ಳೇದು. ಹೋಗು."

ಹುಟ್ಟಿದಂದಿನಿಂದ ಡೊಂಬಯ್ಯನಿಗೆ ಒಂದು ನೆಗಡಿ ಕೂಡ ಸರಿಯಾಗಿ ಬಂದದ್ದಿಲ್ಲ. ಅಂಥವನಿಗೆ ಬದುಕಿನ ಮೊದಲ ಕಾಯಿಲೆ ಬಂದಿದೆ, ಅದು ಕಿಸೆಯಲ್ಲೇ ಇದೆ, ಆದರೆ ಯಾವುದೆಂದು ಗೊತ್ತಿಲ್ಲ! ಕೋರ್ಟಿಗೆ ಹೋಗುವ ದಾರಿಯಲ್ಲಿ ಮೂರು ಕಡೆ ನಿಂತು ಕಾಗದ ಬಿಡಿಸಿ ನೋಡಿದ. ನೀಲಿ ಶಾಯಿಯಲ್ಲಿ ಕಾಲಿಲ್ಲದ ಎರೆಹುಳಗಳು ಒಂದರ ಬೆನ್ನಿಗೆ ಒಂದು ಹರಿದುಹೋದಂತಿತ್ತು. ಬಾಳೆಹಣ್ಣಿನ ಅಂಗಡಿಯವನಿಗೆ ತೋರಿಸಿದ. ಅವನು ಕಾಗದವನ್ನು ತಿರುಗಿಸಿ ಮುರುಗಿಸಿ, "ಹೆರಿಗೆಯದ್ದಾ?" ಎಂದು ಕೇಳಿದ.

"ದೇವದಾಸಣ್ಣ, ಒಂದು ಅಕ್ಷರವಾದ್ರೂ ನೋಡಿ ಮಾರಾಯ್ರೆ. ನನಗೆ ತಡೆಯುದಿಲ್ಲ."

ದೇವದಾಸನಿಗೆ ಅಳತೆ ಪುಸ್ತಕದಲ್ಲಿ ಗಿರಾಕಿಗಳ ಹೆಸರು ಗುರುತು ಹಾಕುವಷ್ಟು ಇಂಗ್ಲಿಷ್ ಇತ್ತು. ಕನ್ನಡಕ ಏರಿಸಿ ನೋಡಿದ. "ಮೊದಲನೇ ಅಕ್ಷರ ಇ. ಉದ್ದ ಉಂಟು ಹೆಸರು. ಗೊತ್ತಾಯ್ತು! ಇಸ್ನೋಫೀಲಿಯಾ! ನನ್ನ ಬಾವನಿಗೂ ಉಂಟು. ದಿನವಿಡೀ ಕೆಮ್ಮುದು, ಆದ್ರೆ ಊಟಕ್ಕೆ ಎಂತ ಕಮ್ಮಿ ಇಲ್ಲ."

ಡೊಂಬಯ್ಯನಿಗೆ ಸಮಾಧಾನವಾಯಿತು. ಕೆಮ್ಮು ಮರ್ಯಾದಸ್ಥರ ಕಾಯಿಲೆ. ಕೋರ್ಟಿನ ಅಂಗಳ ತಲಪುವಷ್ಟರಲ್ಲಿ ನಾಲ್ಕು ಸಲ ಕೆಮ್ಮಿ ಗಂಟಲು ಹದ ಮಾಡಿಕೊಂಡ. "ಎಂತ ಕೇಳಿದ್ರೂ ಹೌದು ಅಂತ ಹೇಳು. ಎದುರು ಮಾತಾಡ್ಬೇಡ," ಎಂದು ದೇವದಾಸ ಅಂಗಿಯ ಕಾಲರು ಸರಿ ಮಾಡಿ ಒಳಗೆ ಕಳಿಸಿದ.

ಅವನ ಹೆಸರು ಕೂಗುವಾಗ ಹನ್ನೆರಡು ಗಂಟೆ ದಾಟಿತ್ತು. ನ್ಯಾಯಾಧೀಶರು ವಯಸ್ಸಾದವರು, ಮೆದು ಮಾತಿನವರು. ವಾರಂಟಿಗೆ ಸಹಿ ಹಾಕಲು ಎತ್ತಿದ್ದ ಪೆನ್ನನ್ನು ಸರ್ಟಿಫಿಕೇಟು ಕಂಡು ಕೆಳಗಿಟ್ಟರು. ಆ ಎರೆಹುಳಗಳನ್ನು ಅವರು ದಿನಪತ್ರಿಕೆ ಓದುವ ಹಾಗೆ ಓದಿದರು. ಓದುತ್ತ ಓದುತ್ತ ಅವರ ಮುಖ ಮರುಕದಿಂದ ಮೆತ್ತಗಾಯಿತು.

"ಇದು ನಿನಗೆ ಬಹಳ ದಿನದಿಂದ ಇದೆಯೇನಪ್ಪಾ?"

"ಹೌದು ಸ್ವಾಮಿ," ಎಂದು ಡೊಂಬಯ್ಯ ಕೆಮ್ಮಿದ.

"ಈಗಲೂ ಬರುತ್ತದೆಯೇ?"

"ಹೌದು ಸ್ವಾಮಿ. ಇವತ್ತು ಬೆಳಿಗ್ಗೆ ಸಹ ನಾಲ್ಕು ಸಲ ಬಂತು."

ನ್ಯಾಯಾಧೀಶರು ಕನ್ನಡಕ ತೆಗೆದರು. "ನಾಲ್ಕು ಸಲ! ಜೀಪು ಓಡಿಸುವಾಗಲೂ ಬಂದದ್ದಿದೆಯೇ?"

ಮರುಕ ಹೆಚ್ಚುತ್ತಿರುವುದನ್ನು ಕಂಡು ಡೊಂಬಯ್ಯನಿಗೆ ಉಮೇದು ಬಂತು. "ಜೀಪು ಬಿಡುವಾಗಲೇ ಹೆಚ್ಚು ಸ್ವಾಮಿ. ಅದರಲ್ಲೂ ಆಲಂಕಾರು ರಸ್ತೆಯ ಧೂಳಿಗೆ ಬಾರದೆ ಇರುದೇ ಇಲ್ಲ."

"ಬಂದಾಗ ಏನು ಮಾಡುತ್ತೀಯಾ?"

"ಎಂತ ಮಾಡುದು ಸ್ವಾಮಿ? ಒಂದು ಕೈಯಲ್ಲಿ ಬಾಯಿ ಮುಚ್ಚುದು, ಇನ್ನೊಂದು ಕೈಯಲ್ಲಿ ಸ್ಟೇರಿಂಗು ಹಿಡಿಯುದು. ಕಣ್ಣು ಕತ್ತಲೆ ಬಂದ್ರೆ ಪಕ್ಕದಲ್ಲಿ ಕೂತವರು ಬೆನ್ನಿಗೆ ಎರಡು ಗುದ್ದುತ್ತಾರೆ. ಸರಿಯಾಗ್ತದೆ. ಹನ್ನೆರಡು ವರ್ಷದಿಂದ ಹಾಗೇ ಹೋಗುದು."

ಮೂಲೆಯಲ್ಲಿ ಕೂತಿದ್ದ ವಕೀಲರೊಬ್ಬರು ಎದೆ ಮುಟ್ಟಿಕೊಂಡರು. ಬಹುಶಃ ಅವರು ಆ ಜೀಪಿನಲ್ಲಿ ಬಂದವರಿರಬೇಕು.

ನ್ಯಾಯಾಧೀಶರು ನಿಧಾನವಾಗಿ ಹೇಳಿದರು. "ನೀನು ಸುಳ್ಳು ಹೇಳುವವನಲ್ಲ ಎಂದು ನೋಡಿದರೇ ತಿಳಿಯುತ್ತದೆ. ಅನಾರೋಗ್ಯದ ಕಾರಣ ಗೈರುಹಾಜರಿಯನ್ನು ಮನ್ನಿಸಲಾಗಿದೆ. ವಾರಂಟು ಬೇಡ. ಹೆಚ್ಚು ಜನ ತುಂಬಿಸಿದ್ದಕ್ಕೆ ಐದು ರೂಪಾಯಿ ದಂಡ ಕಟ್ಟಿಬಿಡು."

ಡೊಂಬಯ್ಯ ಎರಡೂ ಕೈ ಎತ್ತಿ ಮುಗಿದ. ಬಾಗಿಲಲ್ಲಿ ದೇವದಾಸ ತನ್ನ ಕೇಸನ್ನೇ ಗೆದ್ದವನಂತೆ ಹಲ್ಲು ಬಿಟ್ಟ. "ಲೈಸನ್ಸು ಸ್ವಾಮಿ?" ಎಂದು ಡೊಂಬಯ್ಯ ಕೈ ಚಾಚಿದ.

"ಲೈಸನ್ಸೇ?" ನ್ಯಾಯಾಧೀಶರು ಬೆಚ್ಚಿದರು. "ಅಪಸ್ಮಾರ ಇರುವವನಿಗೆ ಲೈಸನ್ಸು ಕೊಡಲು ಸಾಧ್ಯವೇನಪ್ಪಾ? ಎಪಿಲೆಪ್ಸಿ! ಮೂರ್ಛೆ ರೋಗ! ಹದಿನೇಳು ಜನರನ್ನು ಕೂರಿಸಿಕೊಂಡು ದಿನಕ್ಕೆ ನಾಲ್ಕು ಸಲ ಮೂರ್ಛೆ ಹೋಗುತ್ತೀಯಾ! ನಿನ್ನ ಮೇಲೆ ನನಗೆ ಕನಿಕರವಿದೆ, ಆದರೆ ಅವರ ಮೇಲೆ ಇನ್ನೂ ಹೆಚ್ಚು ಕನಿಕರವಿದೆ. ಲೈಸನ್ಸನ್ನು ರದ್ದು ಮಾಡಲು ಮಂಗಳೂರಿಗೆ ಬರೆಯುತ್ತೇನೆ. ಇನ್ನು ನೀನು ಸ್ಟೇರಿಂಗು ಮುಟ್ಟಬಾರದು."

ಡೊಂಬಯ್ಯ ನಿಜ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ದೇವದಾಸ ಒಳಗೆ ಬಂದು ರಟ್ಟೆ ಹಿಡಿದು ಹೊರಗೆ ಎಳೆದ. "ಸುಮ್ಮನಿರು! ಕಾಯಿಲೆ ಇಲ್ಲ ಅಂದ್ರೆ ಕೋರ್ಟಿಗೆ ಸುಳ್ಳು ಹೇಳಿದ ಹಾಗೆ. ನೀನು ಜೈಲಿಗೆ, ಡಾಕ್ಟ್ರೂ ಜೈಲಿಗೆ. ಕಾಯಿಲೆ ಉಂಟು ಅಂತಲೇ ಇಟ್ಕೊ. ಸದ್ಯಕ್ಕೆ ಅದೇ ಕ್ಷೇಮ."

ಸಂಜೆಯ ಬಸ್ಸಿಗೆ ಕೋರ್ಟಿನ ಸುದ್ದಿ ಮೊದಲೇ ತಲಪಿತ್ತು. ರವೂಫ್ ಇಬ್ಬರು ಹೆಂಗಸರನ್ನು ಎಬ್ಬಿಸಿ ಡೊಂಬಯ್ಯನಿಗೆ ಉದ್ದದ ಸೀಟನ್ನೇ ಬಿಡಿಸಿಕೊಟ್ಟ. "ಗಾಳಿ ಬಿಡಿ, ಗಾಳಿ ಬಿಡಿ," ಎಂದು ದಾರಿಯುದ್ದಕ್ಕೂ ಜನರನ್ನು ಸರಿಸಿದ. ಏನೂ ಇಲ್ಲ ಎಂದು ಡೊಂಬಯ್ಯ ಹೇಳಿದಷ್ಟೂ ಜನ ಪಾಪ ಎಂದು ತಲೆಯಾಡಿಸಿದರು. ಒಬ್ಬಾಕೆ ತನ್ನ ನಾದಿನಿಗೂ ಹೀಗೇ ಇತ್ತು, ಅವಳೂ ಇಲ್ಲ ಇಲ್ಲ ಎಂದೇ ಹೇಳುತ್ತಿದ್ದಳು ಎಂದಳು.

ಕಾಣಿಯೂರಿನಲ್ಲಿ ಬಸ್ಸು ನಿಲ್ಲುವ ಮೊದಲೇ ದೇವದಾಸ ಹಾರಿ ಇಳಿದು ಸುದ್ದಿ ಬಿತ್ತರಿಸಿದ. ಡೊಂಬಯ್ಯನ ಹೊರತು ಊರಿನಲ್ಲಿ ಸತ್ಯ ಗೊತ್ತಿದ್ದವನು ಅವನೊಬ್ಬನೇ. ಆದರೆ ಜೈಲಿನ ಹೆದರಿಕೆಗೆ ಅವನು ಕೋರ್ಟು ಹೇಳಿದ್ದನ್ನಷ್ಟೇ ಹೇಳಿದ. ತ್ಯಾಂಪಣ್ಣ ಜೀಪಿಗೆ ಒರಗಿ ನಿಂತಿದ್ದರು. ಪಕ್ಕದಲ್ಲಿ ಆಲಂಕಾರಿನ ಚನಿಯಪ್ಪ, ತಲೆಗೆ ಹೊಸ ಟವೆಲು ಸುತ್ತಿಕೊಂಡು.

"ಹನ್ನೆರಡು ವರ್ಷ ನನ್ನ ಹತ್ತಿರ ಮುಚ್ಚಿಟ್ಟಿಯಲ್ಲ ಡೊಂಬಯ್ಯ!" ಎಂದರು ತ್ಯಾಂಪಣ್ಣ. "ನನ್ನ ಹೆಂಡತಿ ಮಕ್ಕಳೆಲ್ಲ ನಿನ್ನ ಜೀಪಿನಲ್ಲೇ ಹೋದದ್ದು. ಇರ್ಲಿ, ದೇವರು ಕಾಪಾಡಿದ. ನೀನು ಮನೆಯಲ್ಲಿ ವಿಶ್ರಾಂತಿ ತಗೊ." ಹಾಗೆಂದು ಜೀಪಿನ ಕೀಲಿಯನ್ನು ಚನಿಯಪ್ಪನ ಕೈಗೆ ಕೊಟ್ಟರು.

ಚನಿಯಪ್ಪ ಹತ್ತಿ ಕೂತು ಚಾಲೂ ಮಾಡಲು ನೋಡಿದ. ಜೀಪು ಎರಡು ಸಲ ನರಳಿ ಸುಮ್ಮನಾಯಿತು. ಚೋಕು ಅರ್ಧ ಎಳೆಯಬೇಕು, ಪೂರ್ತಿ ಎಳೆಯಬಾರದು ಎಂದು ಡೊಂಬಯ್ಯನಿಗೆ ಗೊತ್ತಿತ್ತು. ಹೇಳಲು ಹೋದರೆ ದುಃಖ ಉಕ್ಕಿ ಬಂತು. ಅಲ್ಲೇ ಹೋಟೆಲಿನ ಜಗಲಿಯ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು, ಭುಜ ಅಲುಗಿಸುತ್ತ ಬಿಕ್ಕಿದ.

"ಬಂತು! ಬಂತು!" ಎಂದು ಯಾರೋ ಕೂಗಿದರು. "ಕಬ್ಬಿಣ ಕೊಡಿ! ಕೈಯಲ್ಲಿ ಕಬ್ಬಿಣ ಹಿಡಿಸಿ!"

ಮೂರ್ಛೆ ಬಂದವನ ಮುಷ್ಟಿಯಲ್ಲಿ ಕಬ್ಬಿಣವಿದ್ದರೆ ಇಳಿಯುತ್ತದೆ ಎಂಬುದು ಊರಿಗೇ ಗೊತ್ತಿದ್ದ ಮದ್ದು. ಜನ ಕತ್ತಿಗೋ ಸಟ್ಟುಗಕ್ಕೋ ಹುಡುಕಾಡುವಷ್ಟರಲ್ಲಿ ಚನಿಯಪ್ಪ ಜೀಪಿನಿಂದ ಕೀಲಿ ಕಿತ್ತು ಓಡಿ ಬಂದ. ತ್ಯಾಂಪಣ್ಣ ಡೊಂಬಯ್ಯನನ್ನು ಜಗಲಿಯ ಮೇಲೆ ಮಲಗಿಸಿ, ಕೀಲಿಯನ್ನು ಬಲಗೈಯಲ್ಲಿಟ್ಟು ಬೆರಳು ಮಡಚಿದರು. "ಗಟ್ಟಿ ಹಿಡ್ಕೊ ಮಗಾ. ಸರಿಯಾಗುವವರೆಗೆ ಬಿಡ್ಬೇಡ," ಎಂದರು.

ಡೊಂಬಯ್ಯನ ಬಿಕ್ಕು ಯಾವಾಗಲೋ ನಿಂತಿತ್ತು. ಆದರೂ ಅವನು ಕಣ್ಣು ತೆರೆಯಲಿಲ್ಲ. ತೆರೆದರೆ ಹುಷಾರಾದನೆಂದು ಕೀಲಿ ತೆಗೆದುಕೊಂಡು ಹೋಗುತ್ತಾರೆ. ಮುಷ್ಟಿ ಬಿಗಿ ಮಾಡಿ, ಆಗಾಗ ಒಂದಿಷ್ಟು ಕಾಲು ಒದರುತ್ತ ಹಾಗೇ ಮಲಗಿದ.