ನನ್ನ ಗೆಳೆಯನ ಸಿಟ್ಟು ಕಸಿದ ಕಲ್ಲಿನ ಹಿರಿಯರಿಗೆ

ನಮ್ಮೂರು ಸ್ತಾಗಿರದ ಗುಡ್ಡದ ಮೇಲೆ ಅಮೃತಶಿಲೆಯಾಗಿ ನಿಂತು ನಮ್ಮ ಕೊಲ್ಲಿಯನ್ನು ನೋಡುತ್ತಿರುವ ತತ್ತ್ವಜ್ಞಾನಿ ಮಾನ್ಯರೇ,

ತಮ್ಮ ಶಿಲಾಪಾದಗಳಿಗೆ ಮೀನುಗಾರ ಜೀಸಿಸ್‌ನ ತಲೆಬಾಗಿದ ವಂದನೆಗಳು. ತಮ್ಮ ಗುರುಗಳು ಆಕಾಶ ನೋಡುತ್ತ ಕೂತಾಗ ತಾವು ಮೀನಿನ ಹೊಟ್ಟೆ ಬಗೆದು, ಇರುವುದನ್ನು ಇದ್ದ ಹಾಗೆ ನೋಡಿದಿರೆಂದು ಶಾಲೆಯಲ್ಲಿ ಓದಿ, ತಮ್ಮನ್ನು ನಮ್ಮವರೆಂದೇ ನಂಬಿದ್ದೆ. ಸತ್ತು ಎರಡು ಸಾವಿರದ ಮುನ್ನೂರು ವರ್ಷ ಕಳೆದ ಮೇಲೂ ತಾವು ನನ್ನ ಗೆಳೆತನಕ್ಕೆ ಹುಳಿ ಹಿಂಡಬಲ್ಲಿರೆಂದು ಗೊತ್ತಿರಲಿಲ್ಲ.

ಸ್ತೆರ್ಗಿಯೋಸ್ ನಲವತ್ತು ವರ್ಷದಿಂದ ಕಾಫಿ ಅಂಗಡಿಯಲ್ಲಿ ನನ್ನೊಡನೆ ತವ್ಲಿ ಎಂಬ ದಾಳ-ಕಾಯಿಯ ಮಣೆಯಾಟ ಆಡುತ್ತಾನೆ. ದಾಳ ಉರುಳಿಸುವುದು ನೆಪ, ಆಟವಿರುವುದು ಬೈಗುಳದಲ್ಲಿ. "ಏಯ್ ಕತ್ತೆ, ದಾಳ ಹಾಕ್ತೀಯೋ ಮೊಟ್ಟೆ ಇಡ್ತೀಯೋ?" ಎಂದು ಅವನು ಗುಡುಗಿದರೆ ದೋಣಿಯಲ್ಲಿದ್ದವರೂ ನಗುತ್ತಿದ್ದರು. ರಕ್ತದೊತ್ತಡ ಏರಿತೆಂದು ಮಗಳು ಅವನನ್ನು ಥೆಸಲೋನಿಕಿಯ ಮನಶ್ಶಾಸ್ತ್ರಜ್ಞೆ ಎವ್ದೋಕಿಯಾ ಅವರ ಬಳಿ ಕರೆದೊಯ್ದಳು. "ನಮ್ಮ ಶಾಸ್ತ್ರದ ಬೇರು ನಿಮ್ಮೂರಿನ ಹಿರಿಯರಲ್ಲೇ ಇದೆ ತಾತ. ಮನಸ್ಸು ಬೇರೆ ಮೈ ಬೇರೆ ಅಲ್ಲ. ದಿನಾ ಏನು ಮಾಡ್ತೀರೋ ಅದೇ ಆಗ್ತೀರಿ. ಸಿಟ್ಟು ಬಂತಾ? ಸರಿಯಾದ ಮನುಷ್ಯನ ಮೇಲೆ, ಸರಿಯಾದ ಹೊತ್ತಲ್ಲಿ, ತಕ್ಕಷ್ಟೇ" ಎಂದು ಆಕೆ ಸಿಟ್ಟು ಬಂದಾಗಲೆಲ್ಲ ಅಳೆದು ಬರೆಯಲು ಒಂದು ನೋಟುಪುಸ್ತಕ ಕೊಟ್ಟು ಕಳಿಸಿದರು.

ಎಂಥ ರಾಮಬಾಣ! ನಾನು ಕಣ್ಣೆದುರೇ ಕಾಯಿ ಕದ್ದರೂ ಅವನು ಕನ್ನಡಕ ಹಾಕಿ ಪುಸ್ತಕ ತೆರೆಯುತ್ತಾನೆ. ಸಿಟ್ಟಿನ ಅಳತೆ ಮುಗಿಯುವಷ್ಟರಲ್ಲಿ ಕಾಫಿ ಆರಿರುತ್ತದೆ. "ಪರವಾಗಿಲ್ಲ ಜೀಸಿಸ್ ಅವರೇ, ಆಡಿ" ಎನ್ನುತ್ತಾನೆ. ಅವರೇ! ನನಗೆ! ಅವನ ರಕ್ತದೊತ್ತಡ ಇಳಿದಿದೆ, ಒಪ್ಪುತ್ತೇನೆ; ನನ್ನದು ಏರಿದೆ. ಮೊನ್ನೆ ಅವನು ಕೈತೊಳೆಯಲು ಎದ್ದಾಗ ಪುಸ್ತಕ ಇಣುಕಿದೆ. 'ಸಿಟ್ಟಿಗೆ ತಕ್ಕವರು' ಎಂಬ ಪಟ್ಟಿಯಲ್ಲಿ ಮೇಯರ್, ಅವನ ಷಡ್ಡಕ, ಪಾದ್ರಿಯ ನಾಯಿ ಇದ್ದರು, ನನ್ನ ಹೆಸರಿರಲಿಲ್ಲ. ಮಾನ್ಯರೇ, ಅಂದು ನನಗೆ ಊಟ ಸೇರಲಿಲ್ಲ.

ಆದಕಾರಣ ತಾವು ದಯಮಾಡಿ ಪೀಠದಿಂದಿಳಿದು, ಬಸ್ಸು ಹಿಡಿದು ಥೆಸಲೋನಿಕಿಗೆ ಹೋಗಿ, ತಮ್ಮ ಉಪದೇಶಕ್ಕೆ 'ತವ್ಲಿ ಮಣೆಯೊಂದನ್ನು ಬಿಟ್ಟು' ಎಂಬ ತಿದ್ದುಪಡಿ ಸೇರಿಸಬೇಕು. ಮೊಣಕಾಲು ಕಲ್ಲಾಗಿ ಅದು ಕಷ್ಟವಾದರೆ, ಆ ಪಟ್ಟಿಯಲ್ಲಿ, ನಾಯಿಯ ಕೆಳಗಾದರೂ ಸರಿ, ನನ್ನ ಹೆಸರು ಬರೆಸಿಕೊಡಬೇಕು.

ಒಂದು ಬೈಗುಳಕ್ಕೂ ಗತಿಯಿಲ್ಲದ
ತಮ್ಮ ವಿಶ್ವಾಸಿ,
ಜೀಸಿಸ್

ತಾ.ಕ.: ಇದರ ಪ್ರತಿಯನ್ನು ಕಾಫಿ ಅಂಗಡಿಯ ಬಾಗಿಲಿಗೆ ಅಂಟಿಸಿದ್ದೆ. ಸ್ತೆರ್ಗಿಯೋಸ್ ಓದಿದವನೇ ಹರಿದೆಸೆದು, "ಲೋ ಕಳ್ಳ ಮುಂಡೇದೇ, ನನ್ನ ಪುಸ್ತಕ ಕದ್ದು ನೋಡಿದ್ದಲ್ದೆ ಊರಿಗೆಲ್ಲ ಡಂಗುರ ಹೊಡೀತೀಯಾ? ಕೂತ್ಕೋ, ಇವತ್ತು ನಿನ್ನ ಚರ್ಮ ಸುಲೀತೀನಿ!" ಎಂದು ಕಿರುಚಿದ. ನನಗೆ ಕಣ್ಣು ತುಂಬಿ ಬಂತು. ಕೂತೆ. ತಮ್ಮ ಮೇಲಿನ ದೂರನ್ನು ಅಲ್ಲೇ ಹಿಂತೆಗೆದುಕೊಳ್ಳುವವನಿದ್ದೆ, ಆದರೆ ಐದಕ್ಕೆ ಐದೂ ಆಟ ಅವನೇ ಗೆದ್ದ. ದೂರು ಹಾಗೆಯೇ ಇರಲಿ.