ಮೈಲಾರಿಯ ಸೈಕಲ್ಲು ಗಿರಿಗೆ ಹೊರಟದ್ದು

ದರ್ಜಿ ಮರುಳಪ್ಪ ಮಾಡಿದ ತಪ್ಪು ಒಂದೇ. ಮುಳ್ಳಯ್ಯನಗಿರಿಗೆ ಸೈಕಲ್ಲಿನಲ್ಲಿ ಹೋಗುತ್ತೇನೆಂದು ಹಿಂದಿನ ಸಂಜೆ ಪಕ್ಕದ ಮನೆಯ ಪುಟ್ಟಗಂಗಮ್ಮನ ಮುಂದೆ ಬಾಯಿಬಿಟ್ಟ. ಆಕೆಗೆ ಹೇಳುವುದೂ ಒಂದೇ, ನೊಣವಿನಕೆರೆಯಲ್ಲಿ ತಮಟೆ ಹೊಡೆಸುವುದೂ ಒಂದೇ.

ಗಿರಿಯ ಹುಚ್ಚು ಮೊದಲು ಹಿಡಿದಿದ್ದು ಸೈಕಲ್ ಶಾಪಿನ ಮೈಲಾರಿಗೆ. ಇಪ್ಪತ್ತು ವರ್ಷ, ಪ್ರತಿ ದೀಪಾವಳಿ ಕಳೆದ ಮೇಲೂ ಬಂದು ಕೇಳುತ್ತಿದ್ದ: "ಗಿರಿ ಮ್ಯಾಲೆ ಡೇರೆ ಹಾಕ್ಕಂಡು ಒಂದ್ ರಾತ್ರಿ ಮಲಗನ ಕಣ್ಲಾ, ಸೈಕಲ್ ತೆಗಿ." ಮರುಳಪ್ಪ ಮಿಷನ್ನಿನಿಂದ ತಲೆ ಎತ್ತದೆ, "ಬರೋ ವರ್ಷ ಹೋಗನ ಬುಡ್ಲಾ" ಎನ್ನುತ್ತಿದ್ದ. ಹೋದ ವರ್ಷ ಕಾಮಾಲೆಯಾಗಿ ಆಸ್ಪತ್ರೆಯ ಮಂಚ ಹಿಡಿದಾಗಲೂ ಮೈಲಾರಿ ಅದನ್ನೇ ಕೇಳಿದ. ಆಗ ಮಾತ್ರ ಮರುಳಪ್ಪ "ಹೂಂ, ಹೋಗನ" ಎಂದ. ಮೂರನೇ ದಿನ ಮೈಲಾರಿ ಒಬ್ಬನೇ ಹೊರಟುಹೋದ.

ಅವನು ಸತ್ತು ವರ್ಷ ತುಂಬಲು ಎರಡೇ ದಿನ ಉಳಿದಿತ್ತು. ಅಷ್ಟರೊಳಗೆ ಅವನ ಸೈಕಲ್ಲಾದರೂ ಗಿರಿ ಮುಟ್ಟಬೇಕೆಂದು ಮರುಳಪ್ಪ ಹಟ ಹಿಡಿದ. ಕೊಬ್ಬರಿಗೆ ಹೊದಿಸುವ ಹಳೇ ಟಾರ್ಪಾಲನ್ನು ಹೊಲಿದು ಡೇರೆ ಮಾಡಿಕೊಂಡ, ಅದನ್ನು ಕಟ್ಟಲು ಹಗ್ಗ, ಗೂಟ ಕಡಿಯಲು ಮಚ್ಚು ಜೋಡಿಸಿಕೊಂಡ. ಮೈಲಾರಿಯ ಹೆಂಡತಿ ಚೌಡಮ್ಮ ಸೈಕಲ್ಲನ್ನು ಸೆರಗಿನಿಂದ ಒರೆಸಿ ಕೊಟ್ಟಳು. "ಹುಷಾರು ಮರುಳಣ್ಣ. ಅವರದ್ದು ಅಂತ ಉಳಿದಿರೋದು ಇದೊಂದೇಯ."

ಬೆಳಗ್ಗೆ ಬಾಗಿಲು ತೆಗೆದರೆ ಅರ್ಧ ಬೀದಿ ನಿಂತಿತ್ತು, ಎಲ್ಲರ ಕೈಯಲ್ಲೂ ತೆಂಗಿನಕಾಯಿ.

"ಗಿರಿಗೆ ಹೊಂಟಿದ್ದೀಯಲ್ಲ, ನಮ್ಮ ಹೆಸರಲ್ಲೂ ದೇವರ ಮುಂದೆ ಒಡ್ದುಬುಡಪ್ಪ."

ಹರಕೆಯ ಕಾಯಿಯನ್ನು ಬೇಡವೆನ್ನುವಂತಿಲ್ಲ, ದಾರಿಯಲ್ಲಿ ಬಿಟ್ಟುಹೋಗುವಂತಿಲ್ಲ. ಮನೆ ಹಿಂದೆ ತೋಟ ಇಟ್ಟುಕೊಂಡವರು ಒಂದೇ ಕಾಯಿ ಕೊಟ್ಟರೆ ಮರ್ಯಾದೆ ಉಳಿಯುತ್ತದೆಯೇ? ಒಬ್ಬರು ಮೂರು ಕೊಟ್ಟರೆ ಮುಂದಿನವರು ಐದು ಕೊಟ್ಟರು.

"ಅಕ್ಕಾ, ನಾನು ಹೋಗ್ತಿರೋದು ಹರಕೆಗಲ್ಲ, ಮೈಲಾರಿಗೋಸ್ಕರ" ಎಂದು ಮರುಳಪ್ಪ ಗೋಗರೆದ.

"ಅವನ ಹೆಸರಿಗೂ ಎರಡು ಹಾಕಿವ್ನಿ, ತಗ" ಎಂದಳು ಪುಟ್ಟಗಂಗಮ್ಮ.

ಎರಡು ಚೀಲ ಹೇರಿಕೊಂಡ ಸೈಕಲ್ಲು ತಿಪಟೂರು ದಾಟುವಷ್ಟರಲ್ಲಿ ಮರುಳಪ್ಪನ ಮೊಣಕಾಲು ಕಳಚಿ ಬೀಳುವಂತಾಗಿತ್ತು. ಅರಸೀಕೆರೆ ರಸ್ತೆಯಲ್ಲಿ ಹಿಂದಿನ ಟೈರು ಢಂ ಎಂದಿತು. ಚೀಲ ಹರಿದು, ಕಾಯಿಗಳು ಉರುಳಿಕೊಂಡು ಯಾರದೋ ತೋಟದ ಬೇಲಿಯೊಳಗೆ ನುಗ್ಗಿದವು. ಇವನೂ ಅವುಗಳ ಹಿಂದೆ ನುಗ್ಗಿದ. ತಲೆ ಎತ್ತಿದರೆ ತೋಟದ ಯಜಮಾನ ತೋಂಟದಾರ್ಯ ಇಬ್ಬರು ಆಳುಗಳೊಂದಿಗೆ ನಿಂತಿದ್ದ. ಹಗ್ಗ, ಮಚ್ಚು, ಟಾರ್ಪಾಲು, ಚೀಲ ಎಲ್ಲವನ್ನೂ ನೋಡಿದ. ಆಮೇಲೆ ಕಾಯಿಗಳನ್ನು ಒಂದೊಂದಾಗಿ ಎತ್ತಿ ತಿರುಗಿಸಿದ.

"ಇದು ಕೆರೆ ಕೆಳಗಿನ ಕಾಯಿ. ಇದು ಕೆಮ್ಮಣ್ಣಿಂದು. ಇದು ನೀರು ಕಾಣದ ಮರದ್ದು. ಹತ್ತು ತೋಟದ ಕಾಯಿ ಒಂದೇ ಚೀಲದಲ್ಲಿ! ಎಷ್ಟು ದಿನದಿಂದ ಈ ಕಸುಬು ಕಣ್ಲಾ?"

"ಅಯ್ಯೋ, ಇಲ್ಲ ಸ್ವಾಮಿ, ಗಿರಿ ಮ್ಯಾಲೆ ಡೇರೆ ಹಾಕಿ ಮಲಗಕ್ಕೆ ಹೊಂಟಿದ್ದೆ."

"ಯಾಕೆ, ಮನೆಯಿಂದ ಆಚೆಗಾಕವ್ರಾ?"

"ಸ್ನೇಹಿತನಿಗೆ ಮಾತು ಕೊಟ್ಟಿದ್ದೆ."

"ಕರಿ ಅವನ್ನ."

"ಸತ್ತೋಗವ್ನೆ."

"ನೋಡ್ರಲಾ, ಸಾಕ್ಷಿಗೂ ಸತ್ತೋನ್ನೇ ಹುಡುಕವ್ನೆ!"

ಮರುಳಪ್ಪ ಊರ ಹೆಸರು ಹೇಳಿದ ಮೇಲೆ ಒಬ್ಬ ಆಳು ಹೋಗಿ ಎಸ್‌ಟಿಡಿ ಬೂತಿನಿಂದ ನೊಣವಿನಕೆರೆಗೆ ಫೋನ್ ಮಾಡಿದ. ಮೂರು ಗಂಟೆಗೆ ಒಂದು ಟೆಂಪೋ ತುಂಬ ಜನ ಬಂದರು. ಪುಟ್ಟಗಂಗಮ್ಮ ಗಾಡಿ ನಿಲ್ಲುವ ಮೊದಲೇ ಇಳಿದಳು.

"ಯಾರ್ರೀ ನಮ್ಮ ಮರುಳಪ್ಪನ್ನ ಕಳ್ಳ ಅಂದೋರು? ಹೊಲಿಯಕ್ಕೆ ಕೊಟ್ಟ ಬಟ್ಟೇಲಿ ಅರ್ಧ ಗಜ ಹೊಡ್ಕಳದು ಬಿಟ್ರೆ ಅವನಿಗೆ ಇನ್ನೇನೂ ಗೊತ್ತಿಲ್ಲ!"

ಒಬ್ಬೊಬ್ಬರೂ ತಮ್ಮ ತಮ್ಮ ಕಾಯಿ ಗುರುತಿಸಿದರು. ತೋಂಟದಾರ್ಯ ಕೆನ್ನೆ ಬಡಿದುಕೊಂಡ. "ದೇವರ ಕಾಯಿ ತಡೆದೆನಲ್ಲ ಶಿವನೇ! ತಪ್ಪುಕಾಣಿಕೆಗೆ ನಾನೇ ಗಿರಿಗೆ ಹೋಗ್ಬೇಕು."

"ಹೆಂಗೂ ಗಾಡಿ ಐತೆ, ಎಲ್ಲಾ ಹೋಗ್ಬುಡನ" ಎಂದಳು ಪುಟ್ಟಗಂಗಮ್ಮ.

ಮರುಳಪ್ಪನ ಎದೆ ಹಗುರಾಯಿತು. ಕಾಯಿ ಏರಿದವು. ಅಲ್ಲಿ ಚಳಿಯೆಂದು ಡೇರೆಯನ್ನೂ ಏರಿಸಿದರು. ಡ್ರೈವರ್ ಪಕ್ಕದಲ್ಲಿ ತೋಂಟದಾರ್ಯ ಕೂತ. ಹಿಂದೆ ಒಬ್ಬರು ಕೂರುವಷ್ಟು ಜಾಗ ಮಿಕ್ಕಿತು, ಸೈಕಲ್ಲಿಗೆ ಅದೂ ಇಲ್ಲ. ಊರವರ ಜೊತೆ ಬಂದಿದ್ದ ಚೌಡಮ್ಮ ಇಳಿದು ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಿದ್ದಳು.

"ನೀವು ಹೋಗ್ರಣ್ಣ. ಸೈಕಲ್ ನಾನು ನೋಡ್ಕಂಡಿರ್ತೀನಿ" ಎಂದಳು. ಕಣ್ಣು ಮಾತ್ರ ಟೆಂಪೋದ ಮೇಲೇ ಇತ್ತು.

ಮರುಳಪ್ಪ ಅವಳ ಕಣ್ಣು ಹೋದ ಕಡೆ ನೋಡಿದ. ಇಪ್ಪತ್ತು ವರ್ಷ ಆ ಗಿರಿಯ ಕತೆಯನ್ನು ಅವಳೂ ಕೇಳಿಸಿಕೊಂಡವಳೇ. "ನೀನು ಹತ್ತಮ್ಮ" ಎಂದು ಹ್ಯಾಂಡಲ್ ಬಿಡಿಸಿಕೊಂಡ.

ಗಾಡಿ ಹೊರಟಿತು. ತೋಂಟದಾರ್ಯ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ. "ಮರುಳಪ್ಪನೋರೇ, ಹೆಂಗೂ ಇಲ್ಲೇ ಇರ್ತೀರಲ್ಲ, ತೋಟ ಒಸಿ ನೋಡ್ಕಳಿ! ಈ ಕಡೆ ಕಾಯಿ ಕಳ್ಳರು ಜಾಸ್ತಿ! ನಾವು ಬರೋದು ಇನ್ನು ಮೂರು ದಿನಕ್ಕೇಯ!"

ಧೂಳು ಇಳಿಯಿತು. ಮರುಳಪ್ಪ ಒಡೆದ ಟೈರಿನ ಸೈಕಲ್ಲನ್ನು ಒಂದು ತೆಂಗಿನ ಮರಕ್ಕೆ ಒರಗಿಸಿ, ಅದರ ಪಕ್ಕ ಕೂತ. ಹೊತ್ತು ಇಳಿಯುತ್ತಿತ್ತು. ಸೀಟಿನ ಮೇಲೆ ಕೈಯಿಟ್ಟು, "ಬರೋ ವರ್ಷ ಹೋಗನ ಬುಡ್ಲಾ" ಎಂದ. ಅಂದ ಮೇಲೆ ತಾನು ಏನಂದೆನೆಂದು ತಿಳಿದು, ಬಿಕ್ಕಿ ಬಿಕ್ಕಿ ಅತ್ತ.